ಗಾಯವಾಗದ ಕಣ್ಣು

ನನ್ನ ಬಲಗಣ್ಣು ಹೋದದ್ದು ಹಸುವಿನ ಕೊಂಬಿನಿಂದ. ಎಡಗಣ್ಣು ಮುಕ್ಕಾಲು ಪಾಲು ಹೋದದ್ದು ನಮ್ಮ ಮನೆಯವರಿಂದ. ಹಸುವಿನ ಮೇಲೆ ನನಗೆ ಯಾವತ್ತೂ ಸಿಟ್ಟು ಬರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ನನಗೆ ಇಪ್ಪತ್ತಮೂರು ವರ್ಷ. ಗಂಡಸಿ ಅನ್ನುವ ಊರಿನ ಹತ್ತಿರ ನಮ್ಮ ಮನೆ. ಅಪ್ಪನಿಗೆ ಒಂದು ತೆಂಗಿನ ತೋಟ, ಅದರ ಪಕ್ಕ ಒಂದಿಷ್ಟು ರಾಗಿ ಹೊಲ. ನಾನು ಬಿ.ಎ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಅರಸೀಕೆರೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುವ ಕೆಲಸಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು ಲೀಲಾವತಿ ಮೇಡಂ. ಐವತ್ತು ದಾಟಿದ ಹೆಂಗಸು, ಜೋರು ಗಂಟಲು. ಅವರು ಬೈದರೆ ರಸ್ತೆಯ ಆಚೆಗಿನ ಸೈಕಲ್ ಶಾಪಿನವನೂ ತಲೆ ಎತ್ತಿ ನೋಡುತ್ತಿದ್ದ.

ಅವತ್ತು ಬಸ್ಸಿಗೆ ಹೊತ್ತಾಗುತ್ತಿತ್ತು. ಅವ್ವ ಹಾಲು ಕರೆದು ಎದ್ದಳು. ಕರುವನ್ನು ಎಳೆದು ಗೂಟಕ್ಕೆ ಕಟ್ಟಲು ನಾನು ಬಗ್ಗಿದೆ. ಹಸು ನೊಣ ಓಡಿಸಿಕೊಳ್ಳಲು ತಲೆ ಕೊಡವಿತು. ಅಷ್ಟೆ. ಮೊದಲು ನೋವೇ ಆಗಲಿಲ್ಲ. ಕೆನ್ನೆಯ ಮೇಲೆ ಬೆಚ್ಚಗೆ ಏನೋ ಇಳಿದ ಹಾಗಾಯಿತು, ನೀರಿರಬೇಕು ಅಂದುಕೊಂಡು ಕೈಯಲ್ಲಿ ಒರೆಸಿದೆ. ಅವ್ವ ಕಿರುಚಿದ ಮೇಲೇ ನನಗೆ ಹೆದರಿಕೆಯಾದದ್ದು.

ಪಕ್ಕದ ಮನೆಯವರು ಹರಳೆಣ್ಣೆ ಬಿಡಿ ಅಂದರು, ಇನ್ನೊಬ್ಬರು ಎದೆಹಾಲು ಅಂದರು. ಅಪ್ಪ ಯಾರ ಮಾತನ್ನೂ ಕೇಳದೆ ಒದ್ದೆ ಟವೆಲ್ ಮುಖಕ್ಕೆ ಒತ್ತಿ, ಟೆಂಪೋದಲ್ಲಿ ಕೂರಿಸಿಕೊಂಡು ಅರಸೀಕೆರೆಗೆ ಕರೆದುಕೊಂಡು ಹೋದರು. ಅಲ್ಲಿ ಕಣ್ಣಿಗೆ ಹತ್ತಿ ಇಟ್ಟು ಕಟ್ಟಿ, ಹಾಸನಕ್ಕೆ ಹೋಗಿ ಅಂದರು. ಹಾಸನದಲ್ಲಿ ಹರಿದ ಕಣ್ಣಿಗೆ ಹೊಲಿಗೆ ಹಾಕಿದರು.

ಅಷ್ಟು ಹೊತ್ತಿಗೆ ನಮ್ಮ ಸೋದರಮಾವ ರಂಗಸ್ವಾಮಿ ಬೇಲೂರಿನಿಂದ ಬಂದಿದ್ದರು. ಅವ್ವನ ತಮ್ಮ. ಆಫೀಸೊಂದರಲ್ಲಿ ಗುಮಾಸ್ತರು. ನಮ್ಮ ಕಡೆಯವರಲ್ಲಿ ಪ್ಯಾಂಟು ಹಾಕಿಕೊಂಡು ದೊಡ್ಡವರ ಎದುರು ಕೂತು ಮಾತಾಡಬಲ್ಲವರು ಅವರೊಬ್ಬರೇ ಆಗಿದ್ದರಿಂದ ಆಸ್ಪತ್ರೆ, ಕೋರ್ಟು, ಮದುವೆ ಯಾವುದಾದರೂ ಅವರೇ ಮುಂದೆ. ನನಗೆ ಗಂಡು ಗೊತ್ತು ಮಾಡಿದವರೂ ಅವರೇ. ಹಳೇಬೀಡಿನ ಕಡೆಯ ಮನೆತನ, ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರು ಬಂದು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು. ವೀಳ್ಯಶಾಸ್ತ್ರಕ್ಕೆ ದಿನ ಹುಡುಕುತ್ತಿದ್ದರು.

ನನ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಚಪ್ಪಲಿ ಸದ್ದಿನಿಂದಲೇ ಯಾರು ಬಂದರು, ಯಾರು ಹೋದರು ಅಂತ ತಿಳಿಯಬೇಕು. ಡಾಕ್ಟರು ಬಂದು ಬಲಗಣ್ಣಿನ ಪಟ್ಟಿ ಬಿಚ್ಚಿ ಟಾರ್ಚು ಬಿಟ್ಟು, "ಬೆಳಕು ಕಾಣ್ತಾ?" ಅಂದರು. ಕಾಣಲಿಲ್ಲ. ಅವರು ಮತ್ತೆ ಪಟ್ಟಿ ಕಟ್ಟಿ, ನನ್ನ ತಲೆಯ ಮೇಲಿಂದ, "ಸ್ವಲ್ಪ ಈಚೆ ಬನ್ನಿ" ಅಂತ ಅಪ್ಪನನ್ನೂ ಮಾವನನ್ನೂ ಹೊರಗೆ ಕರೆದುಕೊಂಡು ಹೋದರು. ಬಹಳ ಹೊತ್ತಿನ ಮೇಲೆ ಎರಡು ಜೊತೆ ಚಪ್ಪಲಿ ವಾಪಸು ಬಂದವು.

"ಏನಂದ್ರು ಮಾವ?" ಅಂದೆ.

"ಹೊಲಿಗೆ ಚೆನ್ನಾಗಿ ಕೂತೈತಂತೆ ಕಣವ್ವ. ವಾಸಿಯಾಯ್ತದೆ. ನೀ ಏನೂ ಯೋಚ್ನೆ ಮಾಡ್ಬೇಡ."

ಅಪ್ಪ ಏನೂ ಅನ್ನಲಿಲ್ಲ. ಅಪ್ಪ ಮೊದಲಿಂದಲೂ ಮಾತು ಕಮ್ಮಿ. ಹಾಗಾಗಿ ಆ ಮೌನದಲ್ಲಿ ನನಗೆ ವಿಶೇಷ ಏನೂ ಕಾಣಲಿಲ್ಲ.

ಮನೆಗೆ ಬಂದೆವು. ಹಳೇಬೀಡಿನವರಿಗೆ ಮಾವ, "ಕಣ್ಣಿಗೆ ಸಣ್ಣ ಏಟು, ಕೆಂಪು ಇಳಿಯೋಗಂಟ ಕಪ್ಪು ಕನ್ನಡಕ ಹಾಕವ್ರೆ" ಅಂತ ಹೇಳಿ ಶಾಸ್ತ್ರವನ್ನು ಮುಂದಕ್ಕೆ ಹಾಕಿದರು. ಬಲಗಣ್ಣಿನಲ್ಲಿ ಬೆಳಕು ಬರಲೇ ಇಲ್ಲ. ಆದರೆ ಒಂದು ಕಣ್ಣಿನಲ್ಲಿ ಬದುಕಬಹುದು, ಅದನ್ನು ನಾನು ಬೇಗ ಕಲಿತೆ. ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಚೆಲ್ಲುತ್ತಿತ್ತು, ಬಸ್ಸಿನ ಮೆಟ್ಟಿಲು ಕಂಡ ಕಡೆ ಇರುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಅದೂ ಸರಿಹೋಯಿತು. ಮತ್ತೆ ಇನ್‌ಸ್ಟಿಟ್ಯೂಟಿಗೆ ಹೋಗತೊಡಗಿದೆ. ಆ ಒಂದೆರಡು ತಿಂಗಳು ನಾನು ದುಃಖದಲ್ಲಿದ್ದೆ ಅಂತ ಆಗ ಅನ್ನಿಸಿತ್ತು. ಈಗ ನೆನೆದರೆ ಅವು ಎಂಥ ಒಳ್ಳೆಯ ದಿನಗಳು ಅನ್ನಿಸುತ್ತದೆ. ಬೋರ್ಡು ಓದುತ್ತಿದ್ದೆ, ಎದುರಿಗೆ ಬರುವವರನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಇನ್‌ಸ್ಟಿಟ್ಯೂಟಿನ ಕಿಟಕಿಯ ಬೆಳಕು ಎಡಗಣ್ಣಿಗೆ ಚುಚ್ಚತೊಡಗಿತು. ಹುಡುಗಿಯೊಬ್ಬಳು ಟೈಪು ಮಾಡಿದ ಹಾಳೆ ತಂದು ಕೊಟ್ಟಳು. ಅಕ್ಷರಗಳ ನಡುವೆ ಮಸಿಯ ಎಳೆಗಳು ತೇಲುತ್ತಿದ್ದವು. ರಿಬ್ಬನ್ ಕೆಟ್ಟಿರಬೇಕು ಅಂದುಕೊಂಡೆ.

"ಯಾಕೆ ಕಣೇ, ಕಣ್ಣಲ್ಲಿ ಹಂಗೆ ನೀರು ಸುರೀತಿದೆ?" ಅಂದರು ಲೀಲಾವತಿ ಮೇಡಂ.

"ಬಿಸಿಲು ಮೇಡಂ."

"ಬಿಸಿಲೆಲ್ಲಿದೆ? ಮೋಡ ಮುಚ್ಕೊಂಡಿದೆ."

ಮನೆಯಲ್ಲಿ ಹೇಳಿದೆ. ಮಾವನಿಗೆ ಸುದ್ದಿ ಹೋಯಿತು. "ಒಂದೇ ಕಣ್ಣಿಗೆ ಭಾರ ಬಿದ್ದೈತೆ, ರೆಸ್ಟ್ ಕೊಟ್ರೆ ಸರಿ ಹೋಯ್ತದೆ" ಅಂತ ಮೆಡಿಕಲ್ ಶಾಪಿನಿಂದ ಯಾವುದೋ ಹನಿ ಕೊಡಿಸಿದರು. ಹನಿ ಹಾಕಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದೆ. ಅಕ್ಷರ ಹೋಯಿತು, ಆಮೇಲೆ ಅವ್ವನ ಮುಖದಲ್ಲಿ ಮೂಗು ಕಾಣದಾಯಿತು. ಒಂದು ವಾರದ ಮೇಲೆ ಲೀಲಾವತಿ ಮೇಡಂ ನನ್ನನ್ನು ಹುಡುಕಿಕೊಂಡು ಊರಿಗೇ ಬಂದರು. ಬಾಗಿಲಲ್ಲಿ ನಿಂತು ಕೈ ಆಡಿಸಿದರಂತೆ. ನನಗೆ ಕಾಣಲಿಲ್ಲ. ಅವರು ಒಳಗೆ ಬಂದವರು ಕೂರಲೂ ಇಲ್ಲ, ಅಪ್ಪನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ರೈಲಿಗೆ ಈ ಹುಡುಗೀನ ಬೆಂಗಳೂರಿಗೆ ಕರ್ಕೊಂಡು ಹೋಗಿ. ನೀವು ಹೋಗದಿದ್ರೆ ನಾನು ಕರ್ಕೊಂಡು ಹೋಗ್ತೀನಿ" ಅಂದರು.

ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಯ ಬೆಂಚುಗಳ ಮೇಲೆ ಕೂತವರಿಗೆ ಮಾತ್ರ ಗೊತ್ತಿರುವ ಒಂದು ಲೋಕವಿದೆ. ಎಲ್ಲರೂ ಕಣ್ಣು ಮುಚ್ಚಿಕೊಂಡು ಸಾಲಾಗಿ ಕೂತಿರುತ್ತಾರೆ, ನಿದ್ದೆಯಲ್ಲ, ಪ್ರಾರ್ಥನೆಯಲ್ಲ. ನರ್ಸ್ ಒಬ್ಬಳು ಸಾಲಿನುದ್ದಕ್ಕೂ ಬರುತ್ತಾಳೆ. "ತಲೆ ಮೇಲೆತ್ತಿ" ಅನ್ನುತ್ತಾಳೆ. ಉರಿಯುವ ಹನಿ ಬೀಳುತ್ತದೆ. "ಮುಚ್ಚಿ" ಅನ್ನುತ್ತಾಳೆ. ಕಣ್ಣಿನ ಪಾಪೆ ಅರಳುವ ತನಕ ಕಾಯಬೇಕು. ಅರಳಿತೋ ಇಲ್ಲವೋ ಅಂತ ನೋಡಿ ಮತ್ತೆ ಹನಿ. ಯಾರ ಮುಖ ಯಾರಿಗೂ ಕಾಣುವುದಿಲ್ಲವಾದ್ದರಿಂದ ಅಲ್ಲಿ ಜನ ಎಲ್ಲವನ್ನೂ ಮಾತಾಡುತ್ತಾರೆ. ನನ್ನ ಪಕ್ಕದ ಗಂಡಸೊಬ್ಬರು, ತಮಗೆ ಕಾಣುವುದು ಕಮ್ಮಿಯಾಗಿದೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ, ಆಫೀಸ್ ಕೆಲಸ ಅಂತ ಸುಳ್ಳು ಹೇಳಿ ಬಂದಿದ್ದೇನೆ ಅಂದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅವರು ಯಾರೆಂದು ನನಗೂ ಗೊತ್ತಿಲ್ಲ.

ಡಾಕ್ಟರು ಹೆಂಗಸು. ತಣ್ಣನೆ ಕೈ. ನನ್ನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ ಎಡಗಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಲಗಣ್ಣು. ಆಮೇಲೆ ಮತ್ತೆ ಎಡಗಣ್ಣು.

"ಬಲಗಣ್ಣಿಗೆ ಏಟಾದಾಗ, ಅದನ್ನ ತೆಗೆಸಿಬಿಡಿ ಅಂತ ಯಾರೂ ಹೇಳಲಿಲ್ವಾ?"

"ಇಲ್ಲ ಮೇಡಂ" ಅಂದೆ.

ನನ್ನ ಬೆನ್ನ ಹಿಂದೆ ನಿಂತಿದ್ದ ಅಪ್ಪ, "ಹೇಳಿದ್ರು" ಅಂದರು.

ಯಂತ್ರದಿಂದ ಗಲ್ಲ ತೆಗೆಯಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಹಾಗೇ ಕೂತಿದ್ದೆ. ಅಪ್ಪ ತಡೆದು ತಡೆದು ಹೇಳಿದರು. "ಹಾಸನದ ಡಾಕ್ಟ್ರು ಹೇಳಿದ್ರು. ಈ ಕಣ್ಣಲ್ಲಿ ಇನ್ನು ಕಾಣಾಕಿಲ್ಲ, ಬೇಗ ತೆಗ್ಸಿಬಿಡಿ, ಇಲ್ದಿದ್ರೆ ಇನ್ನೊಂದಕ್ಕೂ ಬರ್ಬೋದು ಅಂದ್ರು. ಬಂದೇ ಬರ್ತದಾ ಅಂತ ನಮ್ಮ ಭಾಮೈದ ಕೇಳ್ದ. ಅಪರೂಪಕ್ಕೆ ಬತ್ತದೆ ಅಂದ್ರು. ಮಗೀಗೆ ಮದ್ವೆ ಗೊತ್ತಾಗಿತ್ತು ಮೇಡಮ್ಮೋರೆ. ಕಣ್ಣು ಕೀಳ್ಸಿದ ಹುಡುಗೀನ ಯಾರು ಮಾಡ್ಕಂತಾರೆ ಅಂತ..."

ಡಾಕ್ಟರು ನನ್ನ ಕುರ್ಚಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನನಗೇ ಹೇಳತೊಡಗಿದರು. ಕೈಗೆ ಗಾಯವಾದರೆ ಊದುತ್ತದೆ, ಕೆಂಪಾಗುತ್ತದೆ, ವಾಸಿಯಾಗುತ್ತದೆ. ಕಣ್ಣೊಳಗೆ ಹಾಗೆ ಊದಿದರೆ ದೃಷ್ಟಿಯೇ ಹೋಗುತ್ತದೆ. "ಅದಕ್ಕೇ ಕಣ್ಣೊಳಗಿನ ಕೆಲವು ಜೀವಕೋಶಗಳು, ರೋಗದ ಜೊತೆ ಹೊಡೆದಾಡೋ ರಕ್ತಕಣಗಳನ್ನ ಸಮಾಧಾನ ಮಾಡಿ ಇಟ್ಟಿರ್ತವೆ. ಇಲ್ಲಿ ಗಲಾಟೆ ಬೇಡ ಅಂತ. ನಾವು ಹುಟ್ಟಿದಾಗಿನಿಂದ ಅವು ಆ ಕೆಲಸ ಮಾಡ್ತಾನೇ ಇರ್ತವೆ, ನಮಗೆ ಗೊತ್ತೂ ಆಗಲ್ಲ. ನಿಮ್ಮ ಆ ಕಣ್ಣು ಹರಿದಾಗ ಒಳಗಿದ್ದದ್ದು ಹೊರಗೆ ಬಂತು. ನಿಮ್ಮ ದೇಹ ಅದನ್ನ ಯಾವತ್ತೂ ಕಂಡಿರಲಿಲ್ಲ. ನಮ್ಮದಲ್ಲ, ಹೊರಗಿನದು ಅಂದ್ಕೊಳ್ತು. ಅದೇ ಪದಾರ್ಥ ಈ ಕಣ್ಣಲ್ಲೂ ಇದೆ. ಹಾಗಾಗಿ ಆ ರಕ್ತಕಣಗಳು ಇಲ್ಲಿಗೂ ಹುಡುಕ್ಕೊಂಡು ಬಂದಿವೆ. ಈಗ ಸಮಾಧಾನ ಮಾಡೋ ಕೆಲಸ ಔಷಧಿಯಿಂದ ಮಾಡಿಸಬೇಕು. ತಡವಾಗಿದೆ. ಆದರೂ ಮಾಡೋಣ."

ಹೊರಗೆ ಬೆಂಚಿನ ಮೇಲೆ ಕೂತಾಗ ಅಪ್ಪನನ್ನು ಕೇಳಿದೆ. "ನಂಗ್ಯಾಕೆ ಹೇಳ್ಲಿಲ್ಲ?"

ಅಪ್ಪ ಅಂದರು, "ಹೇಳಿದ್ರೆ ನೀನು ತೆಗ್ಸಿ ಅಂತಿದ್ದೆ ಕಣವ್ವ."

ಇದಕ್ಕಿಂತ ನಿಜವಾದ ಮಾತನ್ನು ನನ್ನ ಮನೆಯವರು ಯಾರೂ ನನಗೆ ಹೇಳಿಲ್ಲ. ಅವರಿಗೆ ಗೊತ್ತಿತ್ತು. ನನ್ನ ಉತ್ತರ ಏನು ಅಂತ ಗೊತ್ತಿದ್ದರಿಂದಲೇ ಕೇಳಿರಲಿಲ್ಲ.

ನನ್ನನ್ನು ಅಲ್ಲೇ ಸೇರಿಸಿಕೊಂಡು ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಪಕ್ಕದ ಮಂಚದಲ್ಲಿ ನಂಜಮ್ಮ ಅಂತ ತುಮಕೂರು ಕಡೆಯ ಮುದುಕಿ ಇದ್ದಳು. ನಾನು ಗೋಡೆಯ ಕಡೆ ತಿರುಗಿ ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದೆ. ಅತ್ತರೆ ಕಣ್ಣು ಇನ್ನೂ ಕೆಡುತ್ತದೆ ಅಂತ ಅವ್ವ ಹೇಳಿ ಕಳಿಸಿದ್ದಳು. ನಂಜಮ್ಮನಿಗೆ ಅದು ಹೇಗೆ ತಿಳಿಯಿತೋ, ಒಂದು ಸಂಜೆ ನನ್ನ ಮಂಚದ ಮೇಲೆ ಬಂದು ಕೂತು, "ಅಳಂಗಿದ್ರೆ ಅತ್ಬುಡು ಮಗಾ. ಅತ್ರೆ ಕಣ್ಣಿಗೆ ಏನೂ ಆಗಾಕಿಲ್ಲ. ನಾನು ಡಾಕ್ಟ್ರನ್ನ ಕೇಳಿವ್ನಿ" ಅಂದಳು. ಅವಳ ಸೆರಗು ಹಿಡಿದುಕೊಂಡು ಅತ್ತೆ. ಆ ಕಾಯಿಲೆಯ ದಿನಗಳಲ್ಲಿ ನನಗೆ ಸಿಕ್ಕಿದ ದೊಡ್ಡ ಉಪಕಾರ ಅದು.

ಎಡಗಣ್ಣು ಸ್ವಲ್ಪ ಸ್ವಲ್ಪವೇ ತಿಳಿಯಾಯಿತು. ಮೊದಲಿನ ಹಾಗಲ್ಲ, ಕೊಳೆಯಾದ ಗಾಜಿನ ಆಚೆ ನೋಡಿದ ಹಾಗೆ. ಮಾತ್ರೆಗಳನ್ನು ಕೊಟ್ಟು, ಯಾವ ಕಾರಣಕ್ಕೂ ನಾವಾಗಿ ನಿಲ್ಲಿಸಬಾರದು ಅಂತ ಹೇಳಿ ಕಳಿಸಿದರು. ಪುಟ್ಟ ಬಿಳಿ ಮಾತ್ರೆಗಳು, ನಾಲಿಗೆಗೆ ತಗುಲಿದರೆ ಕಹಿ ಸಂಜೆಯವರೆಗೂ ಇರುತ್ತಿತ್ತು. ಅವು ಕಣ್ಣನ್ನು ಕಾದವು, ಉಳಿದದ್ದನ್ನೆಲ್ಲ ಕೆಡಿಸಿದವು. ಮುಖ ಬಾತು ದುಂಡಗಾಯಿತು. ಕತ್ತಿನ ಹಿಂದೆ ಮಾಂಸ ಬೆಳೆಯಿತು. ತುಟಿಯ ಮೇಲೆ ಕೂದಲು ಬಂತು. ಮುದ್ದೆ ಉಂಡು ಎದ್ದ ಮೇಲೂ ಹಸಿವು. ಕನ್ನಡಿಯಲ್ಲಿ ಸರಿಯಾಗಿ ಕಾಣದಿದ್ದದ್ದೂ ಒಂದು ಪುಣ್ಯವೇ. ಕೈಯಲ್ಲಿ ಮುಟ್ಟಿಕೊಂಡರೆ ಬೇರೆ ಯಾರದೋ ಮುಖ.

ಹಳೇಬೀಡಿನವರಿಗೆ ಅನುಮಾನ ಬಂದಿರಬೇಕು. ಒಂದು ದಿನ ಹುಡುಗನ ತಾಯಿಯೂ ಅಕ್ಕನೂ ಹೇಳದೆ ಕೇಳದೆ ಬಂದರು. ಅವ್ವ ಗಡಿಬಿಡಿಯಲ್ಲಿ ನನ್ನ ಮುಖಕ್ಕೆ ಪೌಡರು ಬಳಿದು, ಕಪ್ಪು ಕನ್ನಡಕ ಹಾಕಿ, ಕಾಫಿ ತಟ್ಟೆ ಕೈಗೆ ಕೊಟ್ಟು ಕಳಿಸಿದಳು. ನಾನು ತಟ್ಟೆ ಹಿಡಿದು ನಿಂತೆ. ಅವರು ಲೋಟ ತೆಗೆದುಕೊಳ್ಳಲಿಲ್ಲ.

"ನಾವು ನೋಡಿದ್ದು ಇದೇ ಹುಡುಗೀನಾ?" ಅಂದಳು ತಾಯಿ.

"ಇದೇ ಕಣ್ರೀ. ಮಾತ್ರೆಗೆ ಸ್ವಲ್ಪ ಮುಖ ಊದೈತೆ ಅಷ್ಟೆ" ಅಂದಳು ಅವ್ವ.

ಅಕ್ಕ ಅನ್ನುವವಳು ಮೆಲ್ಲಗೆ, ಆದರೆ ನನಗೆ ಕೇಳುವಷ್ಟು, "ಕಣ್ಣು ಹಂಗಿರ್ಲಿ ಬಿಡವ್ವ, ಇದೇನು ಮೈಯಿ" ಅಂದಳು.

ಅವರು ಕಣ್ಣಿನ ವಿಷಯ ಕೇಳಲೇ ಇಲ್ಲ. ಕನ್ನಡಕ ತೆಗೆಸಲೂ ಇಲ್ಲ. ಯಾವ ಸಂಬಂಧ ಕೆಡಬಾರದು ಅಂತ ಆ ಸತ್ತ ಕಣ್ಣನ್ನು ನನ್ನಲ್ಲೇ ಬಿಟ್ಟರೋ, ಆ ಸಂಬಂಧ ಕಣ್ಣಿನಿಂದ ಕೆಡಲಿಲ್ಲ. ಆ ಕಣ್ಣನ್ನು ಬಿಟ್ಟದ್ದರಿಂದ ನುಂಗಬೇಕಾಗಿ ಬಂದ ಮಾತ್ರೆಯಿಂದ ಕೆಟ್ಟಿತು.

ಮಾರನೆಯ ದಿನ ಮಾವ ಬೇಲೂರಿನಿಂದ ಬಂದರು. ಜಗಲಿಯ ಮೇಲೆ ಅವ್ವ, ಅಪ್ಪ, ಮಾವ ಮಾತಾಡುತ್ತಿದ್ದರು. ನಾನು ಬಾಗಿಲ ಒಳಗಿದ್ದೆ.

"ಮಾತ್ರೆ ನಿಲ್ಸಿದ್ರೆ ಮುಖ ಇಳೀತದಂತೆ" ಅಂದರು ಮಾವ. "ಒಂದ್ ತಿಂಗ್ಳು ನಿಲ್ಸಾನ ಕಣಕ್ಕ. ಅಷ್ಟರಲ್ಲಿ ಏನಾಗ್ಬಿಡ್ತದೆ? ನಾನು ಅವ್ರನ್ನ ಇನ್ನೊಂದ್ಸಲ ಕರ್ಕೊಂಡು ಬತ್ತೀನಿ."

ನಾನು ಹೊರಗೆ ಬಂದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಮಾವನ ಎದುರು ಗಟ್ಟಿಯಾಗಿ ಮಾತಾಡಿದ್ದಿಲ್ಲ. "ಉಳಿದಿರೋ ಇದೊಂದು ಕಣ್ಣೂ ಬೇಕಾ ನಿಮ್ಗೆ?" ಅಂದೆ. "ಮದ್ವೆ ಯಾರ್ದು ಮಾವ, ನಂದಾ ನಿಮ್ದಾ? ನಾನಿರೋಗಂಟ ಈ ಮನೆ ಮೆಟ್ಟಿಲು ಹತ್ಬೇಡಿ."

"ನಿನ್ ಒಳ್ಳೇದಕ್ಕೇ ಕಣೇ ನಾ ಹೇಳಿದ್ದು..." ಅಂತ ಮಾವ ಎದ್ದರು. ಅವ್ವ ನನ್ನ ಬಾಯಿ ಮುಚ್ಚಿಸಲು ಬಂದಳು. ಆಗ ಅಪ್ಪ, "ನಡಿ ರಂಗಸ್ವಾಮಿ, ಬಸ್ಸಿಗೆ ಬಿಟ್ಟು ಬತ್ತೀನಿ" ಅಂದರು. ಆ ವಿಷಯದಲ್ಲಿ ಅಪ್ಪ ಇಟ್ಟ ಒಂದೇ ಹೆಜ್ಜೆ ಅದು. ಆ ಹೆಜ್ಜೆಯನ್ನು ಹಾಸನದಲ್ಲಿ ಇಡಬಹುದಿತ್ತು.

ಅವ್ವ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ತಟ್ಟೆ ತಂದು ಮುಂದೆ ಇಡುತ್ತಿದ್ದಳು, ಹೋಗುತ್ತಿದ್ದಳು. ತಮ್ಮನಿಗೆ ಅವಮಾನ ಮಾಡಿದೆ ಅಂತ. ನನ್ನ ಕಣ್ಣಿಗಾಗಿ ಅವಳು ಅತ್ತದ್ದನ್ನು ಕೇಳಿದ್ದೇನೆ. ಅದಕ್ಕಿಂತ ಹೆಚ್ಚು ತಮ್ಮ ಬಾರದೆ ಹೋದ ಹಬ್ಬಗಳಲ್ಲಿ ಅತ್ತಳು.

ಕಾಯಿಲೆ ಒಂದು ಸಲ ಬಂದು ಹೋಗುವಂಥದ್ದಲ್ಲ. ಮಾತ್ರೆ ಕಮ್ಮಿ ಮಾಡಿದರೆ ಕಣ್ಣು ಮತ್ತೆ ಕೆಂಪು, ಮತ್ತೆ ರೈಲು, ಮತ್ತೆ "ತಲೆ ಮೇಲೆತ್ತಿ." ಇನ್ನೊಂದು ಔಷಧಿ ಸೇರಿಸಿದರು, ಅದಕ್ಕೆ ಪದೇ ಪದೇ ರಕ್ತಪರೀಕ್ಷೆ. ಮಾತ್ರೆಗಳಿಂದಲೇ ಎಡಗಣ್ಣಿಗೆ ಪೊರೆ ಬಂತು. ಅದನ್ನು ತೆಗೆಯಲು ಕಣ್ಣು ಶಾಂತವಾಗುವ ತನಕ ಕಾಯಬೇಕಾಯಿತು. ಪ್ರತಿ ಸಲವೂ ಅಪ್ಪನೇ ಕರೆದುಕೊಂಡು ಹೋಗುತ್ತಿದ್ದರು. ಹೊತ್ತುಹೊತ್ತಿಗೆ ಹನಿ ಹಾಕುತ್ತಿದ್ದವರೂ ಅವರೇ. ತಪ್ಪಾಯಿತು ಅಂತ ಅವರು ಅನ್ನಲಿಲ್ಲ. ಪರವಾಗಿಲ್ಲ ಅಂತ ನಾನೂ ಅನ್ನಲಿಲ್ಲ. ಹಾಗೇ ಒಂದು ದಿನ ಅವರು ತೀರಿಕೊಂಡರು.

ಲೀಲಾವತಿ ಮೇಡಂ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಹಾಳೆ ತಿದ್ದುವುದು ಅವರೇ, ಹೊಸಬರಿಗೆ ಬೆರಳು ಇಡುವುದನ್ನು ಕಲಿಸುವುದು ನಾನು. ಒಂದು ಸಲ ಅವರು ನನ್ನನ್ನು ಹುಡುಗಿಯರ ಜೊತೆ ಹಳೇಬೀಡಿಗೆ ಕರೆದುಕೊಂಡು ಹೋದರು. ದೇವಸ್ಥಾನದ ಗೋಡೆ ನನಗೆ ಬರೀ ಕಪ್ಪು, ಕಪ್ಪಿನೊಳಗೆ ಇನ್ನೂ ಕಪ್ಪು. ಕೈಯಿಂದ ಮುಟ್ಟಿದೆ. ಕಾವಲಿನವನು, "ಏಯ್, ಮುಟ್ಬೇಡಿ ಕಣ್ರೀ, ಕಣ್ ಕಾಣ್ಸಕಿಲ್ವಾ?" ಅಂತ ಕೂಗಿದ. ನಾನು ಕನ್ನಡಕ ತೆಗೆದು ಅವನ ಕಡೆ ತಿರುಗಿದೆ. ಅವನು ಅಲ್ಲಿಂದ ಸರಿದು ಹೋದ. ಮುಟ್ಟಬಹುದಿತ್ತು, ಆಮೇಲೆ ಮನಸ್ಸಾಗಲಿಲ್ಲ.

ಎರಡು ಸಾವಿರದ ಇಸವಿ ಆದ ಮೇಲೆ ಬಲಗಣ್ಣು ಕುಗ್ಗಿ ನೋಯತೊಡಗಿತು. ಯಾವುದನ್ನು ಉಳಿಸಲು ಇಷ್ಟೆಲ್ಲ ಮಾಡಿದರೋ ಅದನ್ನು ಕೊನೆಗೆ ತೆಗೆಸಿದೆ. ಈ ಸಲ ಸಹಿ ನಾನೇ ಹಾಕಿದೆ. ಗಾಯ ಮಾಗಿದ ಮೇಲೆ ಆ ಜಾಗಕ್ಕೆ ಕೃತಕ ಕಣ್ಣು ಮಾಡಿಕೊಟ್ಟರು. ಎಡಗಣ್ಣಿನ ಬಣ್ಣಕ್ಕೆ ಸರಿಯಾಗಿ, ಬಿಳಿಯ ಭಾಗದಲ್ಲಿ ಸಣ್ಣ ಕೆಂಪು ನರಗಳ ಸಮೇತ. ಊರಿಗೆ ಬಂದಾಗ ಅವ್ವ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಅಯ್ಯೋ, ಗೊತ್ತೇ ಆಗಾಕಿಲ್ವಲ್ಲೇ! ಇಷ್ಟು ಚೆನ್ನಾಗಿ ಕೂತ್ಕತದೆ ಅಂತ ಗೊತ್ತಿದ್ರೆ ಅವತ್ತೇ..."

ಅಲ್ಲಿಗೆ ನಿಲ್ಲಿಸಿದಳು. ಕೈ ಬಿಟ್ಟು ಒಳಗೆ ಹೋದಳು. ಅವಳನ್ನು ನಾನು ಹಿಂದೆ ಹೋಗಿ ಸಮಾಧಾನ ಮಾಡಲಿಲ್ಲ.

ಈಗ ನನಗೆ ಒಂದು ಮೊಳ ದೂರದಲ್ಲಿ ಮುಖಗಳು ಕಾಣುತ್ತವೆ. ದಪ್ಪ ಅಕ್ಷರವನ್ನು ಕಿಟಕಿಯ ಹತ್ತಿರ ಹಿಡಿದು ಓದುತ್ತೇನೆ. ಮಾತ್ರೆ ಇನ್ನೂ ಇದೆ, ಸಣ್ಣ ಪ್ರಮಾಣದಲ್ಲಿ.

ಕೆಲವು ವರ್ಷಗಳ ಹಿಂದೆ ಹಾರನಹಳ್ಳಿಯಿಂದ ಗಂಡ ಹೆಂಡತಿ ಹದಿನೇಳು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿಯ ಹೆಸರು ಶಿಲ್ಪ. ತೆಂಗಿನ ಮಡಲು ಬಿದ್ದು ಅದರ ಕಡ್ಡಿ ಕಣ್ಣಿಗೆ ಹೊಕ್ಕಿತ್ತು. ಡಾಕ್ಟರು ಅದೇ ಮಾತು ಹೇಳಿದ್ದರು. ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರು. ತೆಗೆಸಬೇಡಿ ಅಂತ ನಾನು ಅಂದೇನು ಅಂತ ಆ ತಾಯಿ ಬಂದಿದ್ದಳು. ಅವಳ ಮೊದಲ ಮಾತಿನಲ್ಲೇ ಅದು ಗೊತ್ತಾಯಿತು.

"ನಿಮ್ದು ಹೆಂಗ್ ಉಳ್ಕಂತು ಅಕ್ಕಾ? ನೋಡಿದ್ರೆ ಒರಿಜಿನಲ್ ಥರಾನೇ ಐತಲ್ಲ" ಅಂದಳು.

ನಾನು ತಾಯಿಗೆ ಉತ್ತರ ಹೇಳಲಿಲ್ಲ. ಹುಡುಗಿಯನ್ನು ಹತ್ತಿರ ಕರೆದೆ. ಕೆಳಗಿನ ರೆಪ್ಪೆ ಒತ್ತಿ ಕೃತಕ ಕಣ್ಣನ್ನು ಹೊರತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದೆ. ತಾಯಿ "ಅವ್ವಾ" ಅಂತ ಮುಖ ತಿರುಗಿಸಿದಳು. ಹುಡುಗಿ ತಿರುಗಿಸಲಿಲ್ಲ. ಬಗ್ಗಿ ನನ್ನ ಖಾಲಿ ಗುಳಿಯನ್ನು ನೋಡಿದಳು, ಆಮೇಲೆ ಅಂಗೈ ನೋಡಿದಳು.

"ನೋವಾಗಲ್ವಾ ಆಂಟಿ?"

"ಇಲ್ಲ. ನೋವು ಆ ಸತ್ತ ಕಣ್ಣನ್ನ ಇಟ್ಕೊಂಡಿದ್ದಾಗ ಇತ್ತು" ಅಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಹಳೇಬೀಡಿನವರದ್ದು, ಮಾತ್ರೆಯದ್ದು, ಅಪ್ಪ ಬೆಂಚಿನ ಮೇಲೆ ಅಂದದ್ದು. ಡಾಕ್ಟರು ಹೇಳಿದಂತೆ ಇದು ಅಪರೂಪ, ನಿನಗೆ ಬರದೆಯೂ ಇರಬಹುದು ಅಂತಲೂ ಹೇಳಿದೆ. "ಆದ್ರೆ ಕೇಳ್ಬೇಕಾದ್ದು ನಿನ್ನನ್ನ. ನೀನೇ ಹೇಳ್ಬೇಕು."

ಹುಡುಗಿ ತಾಯಿಯ ಕಡೆ ತಿರುಗಿ, "ತೆಗ್ಸೋಣ ಅಮ್ಮ" ಅಂದಳು. ತಂದೆ ಎದ್ದು ಹೊರಗೆ ಹೋಗಿ ನಿಂತ. ತಾಯಿ ಹೋಗುವಾಗ ನನಗೆ ಬರುತ್ತೇನೆ ಅಂತಲೂ ಹೇಳಲಿಲ್ಲ. ಮಗಳ ಕಣ್ಣು ಕೀಳಿಸಿದವಳು ಅಂತ ನನ್ನ ಮೇಲೆ ಅವಳಿಗೆ ಇವತ್ತಿಗೂ ಕೋಪ ಇದೆಯಂತೆ. ಆ ಕಡೆಯವರು ಹೇಳಿದರು.

ಕಳೆದ ವರ್ಷ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಯಾವ ಬಸ್ಸು ಅಂತ ಪಕ್ಕದವರನ್ನು ಕೇಳಬೇಕು, ಆದರೆ ಪಕ್ಕದಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಆಗ ಯಾರೋ ಓಡಿಬಂದು ನನ್ನ ಮುಖದ ಹತ್ತಿರ ಮುಖ ತಂದು, "ಆಂಟಿ, ನಾನು ಶಿಲ್ಪ" ಅಂದಳು. ನರ್ಸಿಂಗ್ ಓದುತ್ತಿದ್ದಾಳಂತೆ. ರಸ್ತೆಯ ಆ ಕಡೆಯಿಂದ ನನ್ನನ್ನು ಕಂಡು ಗುರುತು ಹಿಡಿದಳಂತೆ. ಮಾತಾಡುತ್ತ ಮಾತಾಡುತ್ತ, ಒಳಗೆ ತಿರುಗುತ್ತಿದ್ದ ಬಸ್ಸಿನ ಬೋರ್ಡನ್ನು ನಿಂತಲ್ಲಿಂದಲೇ ಓದಿ, "ನಿಮ್ಮ ಗಂಡಸಿ ಬಸ್ಸು ಬಂತು ನೋಡಿ" ಅಂದಳು.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ ಹೊತ್ತಿನ ಮೇಲೆ. ಮೊದಲು ಹೊಟ್ಟೆ ಉರಿಯಿತು. ಅವಳು ನನ್ನ ಮೊಣಕೈ ಹಿಡಿದು ಬಸ್ಸು ಹತ್ತಿಸಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಇಳಿದಳು. ಬಸ್ಸು ಹೊರಟಿತು. ಅವಳು ಕೈ ಬೀಸುತ್ತಿದ್ದಳೋ ಏನೋ. ಬೀಸುತ್ತಿರಬಹುದು ಅಂತ ನಾನೂ ಬೀಸಿದೆ.